ಹುಬ್ಬಳ್ಳಿ, ಗದಗ, ಹಾವೇರಿ ಸುತ್ತಲಿನ ಹಳೆಯ ಹಳ್ಳಿ ಚರ್ಚುಗಳು: ಹೋಗುವ ಕ್ರಮ ಹೇಗೆ, ನೋಡಬೇಕಾದದ್ದು ಏನು?

ಉಣಕಲ್ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿಯವರು. ರಜೆ ಸಿಕ್ಕಾಗಲೆಲ್ಲ ಲಕ್ಕುಂಡಿ, ಡಂಬಳ, ಗಳಗನಾಥ, ಚೌಡದಾನಪುರದಂಥ ಊರುಗಳ ಗುಡಿಗಳನ್ನು ನೋಡಿಕೊಂಡು ಬರುವುದು ನಮ್ಮ ಮನೆಯ ರೂಢಿ. ಹೀಗೆ ಓಡಾಡುವಾಗ ದಾರಿಬದಿಯ ಕೆಲವು ಊರುಗಳಲ್ಲಿ ಹಂಚು ಹೊದಿಸಿದ, ಕಮಾನು ಕಿಟಕಿಗಳ ಸಣ್ಣ ಚರ್ಚುಗಳು ಕಣ್ಣಿಗೆ ಬೀಳುತ್ತವೆ. ಬಾಗಿಲಿಗೆ ಬೀಗ ಇರುತ್ತದೆ, ಹೊರಗಿನ ಕಲ್ಲಿನ ಮೇಲೆ ಒಂದು ಇಸವಿ ಇರುತ್ತದೆ, ಕೇಳೋಣವೆಂದರೆ ಹತ್ತಿರದಲ್ಲಿ ಯಾರೂ ಕಾಣುವುದಿಲ್ಲ. ಸಾವಿರ ವರ್ಷದ ಗುಡಿಗಳ ಬಗ್ಗೆ ನಮಗೆ ಅಷ್ಟಿಷ್ಟು ತಿಳಿದಿದೆ. ನೂರೈವತ್ತು ವರ್ಷಗಳಿಂದ ನಮ್ಮ ನಡುವೆಯೇ ಇರುವ ಈ ಕಟ್ಟಡಗಳ ಬಗ್ಗೆ ಏನೂ ತಿಳಿದಿಲ್ಲವೆನ್ನುವುದು ನನಗೆ ಸರಿಯೆನಿಸುವುದಿಲ್ಲ. ನಮ್ಮ ಅಜ್ಜ ಅಕ್ಷರ ಕಲಿತದ್ದು ಮಿಷನ್ ಶಾಲೆಯಲ್ಲಿ ಎಂಬ ಕಾರಣದಿಂದಲೂ ಈ ಆಸಕ್ತಿ ಹೆಚ್ಚಾಗಿದೆ.

ನಾವು ಕ್ರೈಸ್ತರಲ್ಲ. ಒಳಗೆ ಹೋಗಲು ಅನುಮತಿ ಬೇಕೆ, ಬೇಕಾದರೆ ಯಾರನ್ನು ಕೇಳಬೇಕು, ಆರಾಧನೆಯ ಹೊತ್ತಿನಲ್ಲಿ ಹೋಗುವುದು ಸರಿಯೇ ಅಥವಾ ಬೇರೆ ಹೊತ್ತಿನಲ್ಲಿ ಹೋಗಬೇಕೆ, ಫೋಟೋ ತೆಗೆಯಬಹುದೆ? ಮಗಳು ವಾಸ್ತುಶಿಲ್ಪ ಓದುತ್ತಿದ್ದಾಳೆ. ಕಟ್ಟಡದಲ್ಲಿ ಯಾವುದನ್ನು ಗಮನಿಸಬೇಕೆಂದು ತಿಳಿದವರು ಹೇಳಿದರೆ ಅವಳಿಗೂ ಉಪಕಾರವಾಗುತ್ತದೆ. ಹೆಸರಾದ ದೊಡ್ಡ ಚರ್ಚುಗಳಿಗಿಂತ ಹಳ್ಳಿಗಳ ಸಣ್ಣ ಚರ್ಚುಗಳ ಬಗ್ಗೆಯೇ ಕೇಳುತ್ತಿದ್ದೇನೆ.

ಬೆಟಗೇರಿಯವ

ನಾನು ಬೆಟಗೇರಿಯ ಸಭೆಯಲ್ಲಿ (ಒಂದು ಚರ್ಚಿಗೆ ಸೇರಿದ ಭಕ್ತರ ಬಳಗಕ್ಕೆ ನಾವು ಸಭೆ ಎನ್ನುತ್ತೇವೆ) ದೀಕ್ಷಾಸ್ನಾನ ಪಡೆದು ಅಲ್ಲಿಯೇ ಬೆಳೆದವನು. ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಈ ಚರ್ಚುಗಳನ್ನು ಹುಡುಕಿಕೊಂಡು ಬರುವವರು ಕಡಿಮೆ, ಬಂದರೂ ಹೊರಗೆ ನಿಂತು ಒಂದು ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನೀವು ದಾರಿಬದಿಯಲ್ಲಿ ಕಂಡ ಹಂಚಿನ ಚರ್ಚುಗಳಲ್ಲಿ ಹೆಚ್ಚಿನವು ಬಾಸೆಲ್ ಮಿಷನ್ ಪರಂಪರೆಗೆ ಸೇರಿದವಾಗಿರಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಆರಂಭವಾದ ಈ ಪ್ರೊಟೆಸ್ಟಂಟ್ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಬಹುಪಾಲು ದಕ್ಷಿಣ ಜರ್ಮನಿಯ ಹಳ್ಳಿಗಳ ರೈತರ, ಕುಶಲಕರ್ಮಿಗಳ ಮಕ್ಕಳು. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾದಾಗ ಬ್ರಿಟಿಷರಲ್ಲದ ಮಿಷನರಿಗಳಿಗೂ ಇಲ್ಲಿ ನೆಲೆಸಲು ಅವಕಾಶ ಸಿಕ್ಕಿತು, ಮರುವರ್ಷವೇ ಸಾಮುವೆಲ್ ಹೆಬಿಕ್ ಮತ್ತು ಇನ್ನಿಬ್ಬರು ಮಂಗಳೂರಿಗೆ ಬಂದಿಳಿದರು. ಅವರು ಕರಾವಳಿಯಲ್ಲಿಯೇ ನಿಲ್ಲಲಿಲ್ಲ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ ಹೀಗೆ ಘಟ್ಟದ ಮೇಲೆ ಒಂದೊಂದೇ ಕೇಂದ್ರ ತೆರೆದುಕೊಂಡವು. ಕನ್ನಡ ನಿಘಂಟಿನಿಂದ ಎಲ್ಲರಿಗೂ ಪರಿಚಿತರಾದ ಕಿಟ್ಟೆಲ್ ಅವರು 1853ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕೆಲಸಕ್ಕೆ ನಿಂತದ್ದೂ ಧಾರವಾಡದಲ್ಲಿಯೇ.

ನಿಮ್ಮ ಪ್ರವಾಸವನ್ನು ಮಲ್ಲಸಮುದ್ರದಿಂದ ಆರಂಭಿಸಿರೆಂದು ಹೇಳುತ್ತೇನೆ. ಗದಗದಿಂದ ಮುಳಗುಂದ ರಸ್ತೆಯಲ್ಲಿ, ಈಗ ವೈದ್ಯಕೀಯ ಕಾಲೇಜು ಇರುವ ಕಡೆ ಈ ಊರಿದೆ. ಹೊಸದಾಗಿ ಕ್ರೈಸ್ತರಾದವರು ತಮ್ಮ ಊರು, ಬಳಗ, ಹೊಲಗಳನ್ನು ಕಳೆದುಕೊಳ್ಳುತ್ತಿದ್ದ ಕಾಲವದು; ಅಂಥವರು ನೆಲ ಉತ್ತು ಬದುಕುವಂತಾಗಲೆಂದು 1840ರ ದಶಕದ ಆರಂಭದಲ್ಲಿಯೇ ಮಿಷನರಿಗಳು ಇಲ್ಲಿ ಬೇಸಾಯದ ನೆಲೆಯೊಂದನ್ನು ಕಟ್ಟಲು ಹೊರಟರು. ಅವರು ಅಂದುಕೊಂಡಷ್ಟು ದೊಡ್ಡದಾಗಿ ಅದು ಬೆಳೆಯಲಿಲ್ಲ. ಆದರೆ ನಮ್ಮ ಭಾಗದ ಹಳ್ಳಿ ಸಭೆಗಳ ಸ್ವಭಾವವನ್ನು ತಿಳಿಯಬೇಕಾದರೆ ಮಲ್ಲಸಮುದ್ರದ ಹಿನ್ನೆಲೆ ಗೊತ್ತಿರಬೇಕು, ಏಕೆಂದರೆ ಇಲ್ಲಿ ಚರ್ಚು ಎಂಬುದು ಶಾಲೆ, ಮಗ್ಗ, ಹೊಲ, ಔಷಧಿ ಇವುಗಳ ಜೊತೆಗೇ ಬಂದದ್ದು. ಬೆಟಗೇರಿ ಹೇಗೂ ನೇಕಾರರ ಊರು, ಅಲ್ಲಿ ಮಿಷನ್‌ನ ನೇಯ್ಗೆಯೂ ನಡೆಯಿತು. ಜನ ಇಂದಿಗೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುವ ಆಸ್ಪತ್ರೆಯೂ ಅಲ್ಲಿಯೇ ಇದೆ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಅನಾಥರಾದ ಮಕ್ಕಳನ್ನು ಮಿಷನ್ ಮನೆಗಳು ಸಾಕಿದವು. ಇಂದಿನ ಎಷ್ಟೋ ಕುಟುಂಬಗಳ ಹಿರಿಯರ ಕಥೆ ಆ ಬರದಿಂದಲೇ ಶುರುವಾಗುತ್ತದೆ.

ಇನ್ನು ಕಟ್ಟಡದ ಮಾತು. ಹಳ್ಳಿಗಳಲ್ಲಿ ಮೊದಲು ಕಟ್ಟುತ್ತಿದ್ದುದು ಚರ್ಚನ್ನಲ್ಲ, ವಾರವೆಲ್ಲ ಶಾಲೆಯಾಗಿದ್ದು ಭಾನುವಾರ ಪ್ರಾರ್ಥನೆಗೆ ಒದಗುವ ಒಂದು ಉದ್ದನೆಯ ಕೋಣೆಯನ್ನು. ನನ್ನ ತಾಯಿಯ ತವರೂರಿನ ಚರ್ಚಿನ ಒಳಗೋಡೆಯಲ್ಲಿ, ಸುಣ್ಣದ ಪದರುಗಳ ಕೆಳಗೆ, ಕಪ್ಪು ಬಣ್ಣ ಬಳಿದ ಒಂದು ಚೌಕ ಈಗಲೂ ಮಸುಕಾಗಿ ಕಾಣುತ್ತದೆ. ಅದು ಶಾಲೆಯ ಕರಿಹಲಗೆ. ಅದರ ಪಕ್ಕದಲ್ಲಿಯೇ ಪಾಟಿಗಳನ್ನು ಇಡುತ್ತಿದ್ದ ಗೂಡುಗಳಿವೆ, ಅವುಗಳಲ್ಲಿ ಇಂದು ಗೀತೆಯ ಪುಸ್ತಕಗಳನ್ನು ಜೋಡಿಸಿಡುತ್ತಾರೆ. ಮಗಳಿಗೆ ಇಂಥವನ್ನು ಹುಡುಕಲು ಹೇಳಿ. ಗೋಪುರದ ಎತ್ತರಕ್ಕಿಂತ ಈ ಗೂಡುಗಳೇ ಹೆಚ್ಚಿನ ಸಂಗತಿ ಹೇಳುತ್ತವೆ.

ಒಳಗೆ ವಿಗ್ರಹಗಳಾಗಲಿ ಬಣ್ಣದ ಚಿತ್ರಗಳಾಗಲಿ ಇಲ್ಲವೆಂದು ನಿರಾಶರಾಗಬೇಡಿ. ಆ ಮಿಷನರಿಗಳು ಸರಳತೆಯನ್ನು ವ್ರತದಂತೆ ಪಾಲಿಸಿದವರು. ಬೈಬಲಿನ ವಾಕ್ಯ ಓದುವುದು, ಪ್ರಸಂಗ (ಉಪದೇಶದ ಮಾತು) ಕೇಳುವುದು, ಕೂಡಿ ಹಾಡುವುದು ಇವೇ ಅವರ ಆರಾಧನೆಯ ಮುಖ್ಯ ಭಾಗಗಳಾಗಿದ್ದವು. ಅದಕ್ಕೆ ತಕ್ಕಂತೆ ಎಲ್ಲರ ಕಣ್ಣಿಗೂ ಬೀಳುವ ಪ್ರಸಂಗಪೀಠ, ಬೆಳಕಿಗಾಗಿ ಎತ್ತರದ ಕಿಟಕಿಗಳು, ಗಂಡಸರಿಗೆ ಒಂದು ಬದಿ ಹೆಂಗಸರಿಗೆ ಇನ್ನೊಂದು ಬದಿ, ಗೋಡೆಯ ಮೇಲೆ ಆ ದಿನ ಹಾಡುವ ಗೀತೆಗಳ ಸಂಖ್ಯೆ ಸಿಕ್ಕಿಸುವ ಮರದ ಹಲಗೆ, ಇಷ್ಟೇ ಇರುತ್ತದೆ. ಆದ್ದರಿಂದಲೇ ಬೀಗ ತೆಗೆಸಿ ಖಾಲಿ ಕಟ್ಟಡ ನೋಡಿದರೆ ಅರ್ಧವೂ ತಿಳಿಯುವುದಿಲ್ಲವೆಂದು ನಾನು ನಂಬಿದ್ದೇನೆ. ಭಾನುವಾರ ಬೆಳಗ್ಗೆ ಬನ್ನಿ. ಜರ್ಮನ್ ಧಾಟಿಯ ಒಂದು ಗೀತೆಯನ್ನು ಗದಗ ಸೀಮೆಯ ಹೆಣ್ಣುಮಕ್ಕಳು ಎತ್ತಿದ ದನಿಯಲ್ಲಿ ಹಾಡುವುದನ್ನೂ, ಅದಾದ ಮೇಲೆ ಹಾರ್ಮೋನಿಯಂ ತಬಲಾದೊಡನೆ ಅಪ್ಪಟ ನಮ್ಮ ಭಜನೆಯ ಮಟ್ಟಿನ ಹಾಡೊಂದು ಬರುವುದನ್ನೂ ಅದೇ ಹೆಂಚಿನ ಕೆಳಗೆ ಕೂತು ಕೇಳಿದಾಗ ಆ ಕೋಣೆಯನ್ನು ಏಕೆ ಹಾಗೆ ಕಟ್ಟಿದರೆಂಬುದು ತಾನಾಗಿಯೇ ತಿಳಿಯುತ್ತದೆ.

ಅನುಮತಿಗೆ ಸಭಾಪಾಲಕರನ್ನು, ಎಂದರೆ ಪಾದ್ರಿಯವರನ್ನು, ಕೇಳಬೇಕು. ಒಬ್ಬ ಸಭಾಪಾಲಕರಿಗೆ ಹಲವು ಹಳ್ಳಿಗಳ ಹೊಣೆ ಇರುವುದುಂಟು. ಅವರು ಊರಲ್ಲಿ ಇಲ್ಲದಿದ್ದರೆ ಸಭೆಯ ಹಿರಿಯರೊಬ್ಬರ ಮನೆಯಲ್ಲಿ ಕೀಲಿ ಇರುತ್ತದೆ, ಚರ್ಚಿನ ಸುತ್ತಲಿನ ನಾಲ್ಕು ಮನೆಗಳಲ್ಲಿ ಎಲ್ಲಿ ವಿಚಾರಿಸಿದರೂ ದಾರಿ ತೋರಿಸುತ್ತಾರೆ. ಚಪ್ಪಲಿಯನ್ನು ಹೊರಗೆ ಬಿಡುವುದು ನಮ್ಮ ಹಳ್ಳಿಗಳ ಪದ್ಧತಿ. ಆರಾಧನೆಯ ನಡುವೆ ಎದ್ದು ಓಡಾಡಬಾರದು, ಫೋಟೋ ಬೇಕಾದರೆ ಆಶೀರ್ವಚನ ಮುಗಿದ ಮೇಲೆ ಕೇಳಿ ತೆಗೆಯಬೇಕು. ಬೇರೆ ಧರ್ಮದವರು ಬಂದರೆ ಯಾರೂ ಬೇಡವೆನ್ನುವುದಿಲ್ಲ.

ಸಪ್ತಾಪುರ ನಿವಾಸಿ

ಮೇಲಿನ ಉತ್ತರದಲ್ಲಿ ಹೇಳಿದ ಬಹಳಷ್ಟನ್ನು ಒಪ್ಪುತ್ತೇನೆ, ಒಂದನ್ನು ಮಾತ್ರ ಒಪ್ಪಲಾರೆ. ಮೊದಲ ಭೇಟಿಗೆ ಭಾನುವಾರ ಸರಿಯಾದ ದಿನವಲ್ಲ. ಹತ್ತು ಹದಿನೈದು ಕುಟುಂಬಗಳಿರುವ ಸಣ್ಣ ಸಭೆಯಲ್ಲಿ ಅಪರಿಚಿತರು ಮೂವರು ನಾಲ್ವರು ಬಂದು ಕೂತರೆ ಎಲ್ಲರ ಗಮನವೂ ಅವರತ್ತಲೇ ಹೋಗುತ್ತದೆ, ಸಭಾಪಾಲಕರು ಅವರಿಗಾಗಿಯೇ ನಾಲ್ಕು ಮಾತು ಸೇರಿಸುತ್ತಾರೆ, ಹೆಂಗಸರು ಚಹದ ಚಿಂತೆಗೆ ಬೀಳುತ್ತಾರೆ. ಶನಿವಾರ ಮಧ್ಯಾಹ್ನದ ಮೇಲೆ ಹೋದರೆ ಚರ್ಚನ್ನು ಗುಡಿಸಿ ಸಾರಿಸಲು ಯಾರಾದರೂ ಬಂದೇ ಇರುತ್ತಾರೆ, ಬಾಗಿಲು ತೆರೆದಿರುತ್ತದೆ, ಅವರೊಡನೆ ನಿಧಾನವಾಗಿ ಮಾತಾಡಬಹುದು. ಅವರೇ ಕರೆದಾಗ ಮುಂದಿನ ಭಾನುವಾರ ಹೋಗುವುದು ಮರ್ಯಾದೆ.

ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನಾನು ಕಟ್ಟಡಗಳ ಕಾಲವನ್ನು ಗುರುತಿಸುವ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಹೊರಗಿನ ಕಲ್ಲಿನ ಮೇಲಿನ ಇಸವಿಯನ್ನು ಕಟ್ಟಡದ ವಯಸ್ಸೆಂದು ತಕ್ಷಣ ನಂಬಬಾರದು. ಕೆಲವೆಡೆ ಅದು ಆ ಊರಿನಲ್ಲಿ ಸಭೆ ಆರಂಭವಾದ ವರ್ಷ, ಕೆಲವೆಡೆ ಅಸ್ತಿವಾರದ ವರ್ಷ, ಇನ್ನು ಕೆಲವೆಡೆ ದುರಸ್ತಿಯ ನಂತರ ಮತ್ತೆ ಪ್ರತಿಷ್ಠೆ ಮಾಡಿದ ವರ್ಷ. ಗೋಡೆ ಮತ್ತು ಛಾವಣಿಯನ್ನು ಬೇರೆ ಬೇರೆಯಾಗಿ ನೋಡಬೇಕು.

ಛಾವಣಿಯ ವಿಚಾರದಲ್ಲಿ ಹಂಚು ಒಳ್ಳೆಯ ಸಾಕ್ಷಿ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಜಾರ್ಜ್ ಪ್ಲೆಬ್‌ಸ್ಟ್ ಎಂಬವರ ಮುಂದಾಳತ್ವದಲ್ಲಿ. ಅಂದಮೇಲೆ ಅದಕ್ಕೂ ಹಿಂದೆ ನಮ್ಮ ಕಡೆ ಕಟ್ಟಿದ ಪ್ರಾರ್ಥನಾ ಮನೆಗಳ ಮೇಲೆ ಈ ಚಪ್ಪಟೆ ಹಂಚು ಇರಲು ಸಾಧ್ಯವಿಲ್ಲ. ಹುಲ್ಲು, ನಾಡಹಂಚು, ಇಲ್ಲವೆ ಬಯಲುಸೀಮೆಯ ಮಣ್ಣಿನ ಮಾಳಿಗೆ ಇದ್ದಿರಬೇಕು. ರೈಲು ಬರುವ ಮೊದಲು ಕರಾವಳಿಯಿಂದ ಘಟ್ಟ ಹತ್ತಿಸಿ ಹಂಚನ್ನು ಚಕ್ಕಡಿಯಲ್ಲಿ ತರುವುದು ದೊಡ್ಡ ಖರ್ಚಿನ ಮಾತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಗದಗಗಳನ್ನು ಮುಟ್ಟಿದ ಮೇಲೆ ಆ ಕಷ್ಟ ಇಳಿಯಿತು. ದುರಸ್ತಿಗೆಂದು ಇಳಿಸಿಟ್ಟ ಹಳೆಯ ಹಂಚು ಚರ್ಚಿನ ಹಿಂಬದಿಯಲ್ಲಿ ರಾಶಿ ಬಿದ್ದಿದ್ದರೆ ಒಂದನ್ನು ತಿರುಗಿಸಿ ನೋಡಿ, ತಯಾರಕರ ಮುದ್ರೆ ಇರುತ್ತದೆ. ಮೊದಲ ಮಹಾಯುದ್ಧ ಬಂದಾಗ ಜರ್ಮನರೆಂಬ ಕಾರಣಕ್ಕೆ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನ ಶಿಬಿರಗಳಲ್ಲಿಟ್ಟು ನಂತರ ದೇಶದಿಂದ ಹೊರಗೆ ಕಳುಹಿಸಿತು. ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಆದ್ದರಿಂದ ಬಾಸೆಲ್ ಮಿಷನ್ ಮುದ್ರೆಯಿರುವ ಹಂಚು ಯುದ್ಧಕ್ಕೆ ಹಿಂದಿನದು, ಕಾಮನ್‌ವೆಲ್ತ್ ಮುದ್ರೆಯದು ಈಚಿನದು. ಮಂಗಳೂರಿನ ಬೇರೆ ತಯಾರಕರ ಹಂಚುಗಳೂ ನಮ್ಮ ಕಡೆ ಸಾಕಷ್ಟು ಬಂದಿವೆ. ಒಂದೇ ಛಾವಣಿಯಲ್ಲಿ ಮೂರು ಬಗೆಯ ಮುದ್ರೆಗಳಿದ್ದರೆ ಆ ಛಾವಣಿಯನ್ನು ಎಷ್ಟು ಸಲ ಕೈಯಾಡಿಸಿ ಉಳಿಸಿಕೊಂಡು ಬಂದಿದ್ದಾರೆಂಬುದಕ್ಕೆ ಅದೇ ದಾಖಲೆ.

ಗೋಡೆಗಳ ವಿಷಯದಲ್ಲಿ ನನಗೆ ನಿಜವಾದ ಸಂಕಟವಿದೆ, ಅದನ್ನು ಇಲ್ಲಿ ಹೇಳದೆ ಇರಲಾರೆ. ಹಳೆಯ ಗೋಡೆಗಳು ಕಲ್ಲು, ಮಣ್ಣು, ಸುಣ್ಣದ ಗಾರೆಯವು. ಮಳೆಗಾಲದಲ್ಲಿ ಹೀರಿಕೊಂಡ ತೇವವನ್ನು ಬೇಸಗೆಯಲ್ಲಿ ಹೊರಗೆ ಬಿಡುವುದು ಸುಣ್ಣದ ಗುಣ. ಚರ್ಚು ಗಟ್ಟಿಯಾಗಲೆಂಬ ಒಳ್ಳೆಯ ಉದ್ದೇಶದಿಂದಲೇ ಸಭೆಯವರು ಚಂದಾ ಎತ್ತಿ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಹೊಳೆಯುವ ಬಣ್ಣ ಹಚ್ಚಿಸುತ್ತಾರೆ. ತೇವ ಒಳಗೇ ಸಿಕ್ಕಿಬೀಳುತ್ತದೆ, ಕೆಲವು ವರ್ಷಗಳಲ್ಲಿ ಗೋಡೆಯ ಬುಡದಲ್ಲಿ ಉಪ್ಪು ಮೇಲೆದ್ದು ಗಿಲಾವು ಹೊಪ್ಪಳಿಕೆಯಾಗಿ ಉದುರುತ್ತದೆ, ಗೋಡೆಯೇ ಕೆಟ್ಟಿದೆಯೆಂದು ಯಾರೋ ಹೇಳುತ್ತಾರೆ, ಕೊನೆಗೆ ಇಡೀ ಕಟ್ಟಡವನ್ನು ಕೆಡವಿ ಆರ್‌ಸಿಸಿ ಹಾಕುವ ತೀರ್ಮಾನವಾಗುತ್ತದೆ. ಹಂಚಿನ ಬದಲು ತಗಡು ಬಂದ ಕಡೆ ಬೇಸಗೆಯಲ್ಲಿ ಒಳಗೆ ಕೂರಲಾಗದು, ಮಳೆಯಲ್ಲಿ ಪ್ರಸಂಗ ಕೇಳಿಸದು. ನಿಮ್ಮ ಮಗಳು ವಾಸ್ತುಶಿಲ್ಪ ಓದುತ್ತಿರುವುದರಿಂದ ಹೇಳುತ್ತಿದ್ದೇನೆ: ಅವಳು ಒಂದೇ ಒಂದು ಹಳ್ಳಿ ಚರ್ಚಿನ ಅಳತೆ ತೆಗೆದು ನಕ್ಷೆ ಬರೆದು, ಸುಣ್ಣದ ಗಾರೆಯಲ್ಲಿಯೇ ದುರಸ್ತಿ ಮಾಡುವ ಕ್ರಮವನ್ನು ಕನ್ನಡದಲ್ಲಿ ಎರಡು ಪುಟ ಬರೆದು ಆ ಸಭೆಗೆ ಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಹಣವಿಲ್ಲದೆ ಕೆಡುವ ಕಟ್ಟಡಗಳಿಗಿಂತ ತಿಳಿಯದೆ ಕೆಡಿಸುವ ಕಟ್ಟಡಗಳೇ ಹೆಚ್ಚು.

ಸ್ಮಶಾನವನ್ನು ನೋಡದೆ ಬರಬೇಡಿ. ಪಟ್ಟಣದ ಮಟ್ಟಿಗೆ ಹೇಳುವುದಾದರೆ ಧಾರವಾಡದಲ್ಲಿ 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಯ ಸ್ಮಾರಕಸ್ತಂಭವಿದೆ, ಅದನ್ನು ಬಹಳ ಜನ ಬಲ್ಲರು. ಹಳ್ಳಿಯ ಸ್ಮಶಾನಗಳಲ್ಲಿ ಅಂಥ ಎತ್ತರದ ಕಲ್ಲುಗಳಿಲ್ಲ. ಅಲ್ಲಿ ಉಪದೇಶಕರು, ಶಾಲಾ ಶಿಕ್ಷಕಿಯರು, ಚಿಕ್ಕ ವಯಸ್ಸಿನಲ್ಲಿಯೇ ಹೋದ ಮಕ್ಕಳು ಮಲಗಿದ್ದಾರೆ, ಕಲ್ಲುಗಳ ಮೇಲೆ ಹಳೆಯ ಅಚ್ಚಿನ ಅಕ್ಷರಗಳನ್ನು ಹೋಲುವ ಕನ್ನಡ ಕೆತ್ತನೆಯಿದೆ, ಒಂದೊಂದು ಸತ್ಯವೇದದ (ಬೈಬಲಿನ) ವಾಕ್ಯವಿದೆ. ಓದಲು ಅನುಕೂಲವಾಗಲೆಂದು ಕಲ್ಲಿಗೆ ಸೀಮೆಸುಣ್ಣ ತಿಕ್ಕುವವರಿದ್ದಾರೆ, ಅದು ಕಲ್ಲಿಗೆ ಕೇಡು. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ.

ಹೆಚ್ಚು ತಿಳಿಯಬೇಕೆನ್ನುವವರಿಗೆ 1884ರಲ್ಲಿ ಅಚ್ಚಾದ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲಾ ಗ್ಯಾಸೆಟಿಯರ್ ಉಪಯುಕ್ತ. ಇಂದಿನ ಗದಗ ಮತ್ತು ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯೊಳಗೇ ಇದ್ದುದರಿಂದ ಮೂರೂ ಜಿಲ್ಲೆಗಳ ವಿವರ ಅದರಲ್ಲಿ ಸಿಗುತ್ತದೆ. ಬಾಸೆಲ್ ಮಿಷನ್‌ನ ಹಳೆಯ ಛಾಯಾಚಿತ್ರಗಳನ್ನು ಬಾಸೆಲ್‌ನ ದಾಖಲೆ ಭಂಡಾರದವರು ಅಂತರಜಾಲದಲ್ಲಿ ತೆರೆದಿಟ್ಟಿದ್ದಾರೆ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಚಿತ್ರಗಳೂ ಅಲ್ಲಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಕನ್ನಡದ ಹಳೆಯ ಮುದ್ರಣಗಳ ಒಳ್ಳೆಯ ಸಂಗ್ರಹವಿದೆ. ಹಳ್ಳಿಗೆ ಹೋಗುವ ಮೊದಲು ಹಳೆಯ ಚಿತ್ರವೊಂದು ಸಿಕ್ಕಿದರೆ ಅದರ ಪ್ರತಿಯನ್ನು ಅಚ್ಚು ಹಾಕಿಸಿಕೊಂಡು ಹೋಗಿ ಅಲ್ಲಿಯ ಹಿರಿಯರ ಕೈಗೆ ಕೊಡಿ. ಮಾತು ತಾನಾಗಿ ಬರುತ್ತದೆ.

ವರದಾ ತೀರ

ಚರ್ಚೆ ಪೂರ್ತಿ ಬಾಸೆಲ್ ಮಿಷನ್ ಸುತ್ತಲೇ ನಡೆಯುತ್ತಿರುವುದರಿಂದ ಹಾವೇರಿ ಕಡೆಯ ಕಥೋಲಿಕಳಾದ ನಾನು ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ಜಿಲ್ಲೆಯ ರಾಣೇಬೆನ್ನೂರು ಸೀಮೆಯಲ್ಲಿ ತುಮ್ಮಿನಕಟ್ಟಿ ಎಂಬ ನೇಕಾರರ ಊರಿದೆ. ಅಲ್ಲಿಯ ಕಥೋಲಿಕ ಸಮುದಾಯ ಬಾಸೆಲ್‌ನವರು ಧಾರವಾಡಕ್ಕೆ ಬರುವುದಕ್ಕೂ ಬಹಳ ಹಿಂದಿನದು. 17ನೇ ಶತಮಾನದ ಮಧ್ಯದಿಂದ ಮೈಸೂರು ಸೀಮೆಯಲ್ಲಿ ಯೇಸುಸಭೆಯ (ಜೆಸ್ವಿಟ್ ಸಂಘದ) ಗುರುಗಳು ಕಾವಿ ಉಟ್ಟು, ಮಾಂಸ ಬಿಟ್ಟು, ಕನ್ನಡ ಕಲಿತು ಊರೂರು ತಿರುಗಿದ ಕಾಲದ ಪರಂಪರೆಗೆ ನಮ್ಮ ಭಾಗದ ಹಳೆಯ ಕಥೋಲಿಕ ನೆಲೆಗಳು ಸೇರುತ್ತವೆ. 1773ರಲ್ಲಿ ಪೋಪರ ಆಜ್ಞೆಯಿಂದ ಯೇಸುಸಭೆಯೇ ರದ್ದಾದಾಗ ಇಂಥ ದೂರದ ಹಳ್ಳಿಗಳಿಗೆ ಗುರುಗಳು ಬರುವುದೇ ಅಪರೂಪವಾಯಿತು. ಆ ಕಾಲವನ್ನು ಮನೆಮನೆಯ ಪ್ರಾರ್ಥನೆಯೇ ದಾಟಿಸಿತು. ತುಮ್ಮಿನಕಟ್ಟಿಗೆ ಹೋದರೆ ಚರ್ಚನ್ನು ಮಾತ್ರ ನೋಡಿ ಬರಬೇಡಿ, ಮಗ್ಗದ ಸದ್ದು ಕೇಳುವ ಓಣಿಗಳಲ್ಲಿಯೂ ನಡೆಯಿರಿ. ಆ ಊರಿನ ನಂಬಿಕೆ ಮತ್ತು ಕಸುಬು ಒಂದರಿಂದೊಂದು ಬೇರೆಯಾಗಿಲ್ಲ.

ಕಥೋಲಿಕ ಚರ್ಚಿನೊಳಗೆ ಗಮನಿಸಬೇಕಾದದ್ದು ಬೇರೆ. ಒಳಗೆ ಸದಾ ಉರಿಯುವ ಕೆಂಪು ದೀಪವಿದ್ದರೆ ಅಲ್ಲಿ ಪರಮಪ್ರಸಾದವನ್ನು (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯನ್ನು) ಇಟ್ಟಿದ್ದಾರೆಂದು ಅರ್ಥ. ನಾವು ಅದರ ಮುಂದೆ ಮೊಣಕಾಲೂರುತ್ತೇವೆ, ನೀವು ಹಾಗೆ ಮಾಡಬೇಕಿಲ್ಲ, ಆದರೆ ದನಿ ತಗ್ಗಿಸಿ, ಬಲಿಪೀಠದ ಮೆಟ್ಟಿಲು ಹತ್ತದಿರಿ. ಗೋಡೆಗಳ ಮೇಲೆ ಸುತ್ತಲೂ ಇರುವ 14 ಚಿತ್ರಗಳು ಶಿಲುಬೆಯ ಹಾದಿಯವು (ಯೇಸುವಿನ ಕೊನೆಯ ಯಾತನೆಯ ಘಟನೆಗಳು), ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಂದು ಜನ ಒಂದೊಂದರ ಮುಂದೆಯೂ ನಿಂತು ಪ್ರಾರ್ಥಿಸುತ್ತಾರೆ. ಹಳೆಯ ಚರ್ಚುಗಳಲ್ಲಿ ಎರಡು ಬಲಿಪೀಠಗಳು ಕಾಣುವುದುಂಟು: ಹಿಂಗೋಡೆಗೆ ಅಂಟಿಕೊಂಡ, ಕೆತ್ತನೆಯಿರುವ ಹಳೆಯದು ಒಂದು, ಅದರ ಮುಂದೆ ಸರಳವಾದ ಮೇಜಿನಂಥದು ಇನ್ನೊಂದು. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಗುರುಗಳು ಜನರ ಕಡೆ ಮುಖ ಮಾಡಿ ಪೂಜೆ ಅರ್ಪಿಸುವ ಪದ್ಧತಿ ಬಂದು ಮುಂದಿನ ಬಲಿಪೀಠ ಬೇಕಾಯಿತು, ಲ್ಯಾಟಿನ್ ಹೋಗಿ ಕನ್ನಡ ಬಂದದ್ದೂ ಆಗಲೇ. ನಮ್ಮ ಅಜ್ಜಿ ಅರ್ಥ ತಿಳಿಯದ ಲ್ಯಾಟಿನ್ ಉತ್ತರಗಳನ್ನು ಕೊನೆಯವರೆಗೂ ಬಾಯಿಪಾಠ ಹೇಳುತ್ತಿದ್ದರು, ಹಾಗೆಯೇ ಕನ್ನಡದಲ್ಲಿ ಮೊದಲ ಬಲಿಪೂಜೆ ಕೇಳಿದ ದಿನವನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಬಲಿಪೂಜೆಯ ಹೊತ್ತಿನಲ್ಲಿ ಬಂದರೆ ಹಿಂದಿನ ಸಾಲಿನಲ್ಲಿ ಕೂತು ಎಲ್ಲರೊಡನೆ ಏಳುವುದು ಕೂರುವುದು ಮಾಡಿದರೆ ಸಾಕು. ಪರಮಪ್ರಸಾದ ಕೊಡುವಾಗ ಮಾತ್ರ ಸಾಲಿನಲ್ಲಿ ಹೋಗಿ ಕೈ ಒಡ್ಡಬೇಡಿ, ಅದು ದೀಕ್ಷಾಸ್ನಾನ ಪಡೆದ ಕಥೋಲಿಕರಿಗೆ ಮೀಸಲು. ಗುಡಿಯ ಪ್ರಸಾದದಂತೆ ಎಲ್ಲರಿಗೂ ಕೊಡುತ್ತಾರೆಂದು ತಿಳಿದು ಬಂದವರಿಗೆ ಆ ಕ್ಷಣದಲ್ಲಿ ಇಲ್ಲವೆನ್ನುವುದು ಗುರುಗಳಿಗೂ ಕಷ್ಟ. ನವೆಂಬರ್ 2ರಂದು, ಅಗಲಿದವರನ್ನು ನೆನೆಯುವ ದಿನ, ಸಮಾಧಿಗಳನ್ನು ಹೂವು ಮೇಣಬತ್ತಿಗಳಿಂದ ಅಲಂಕರಿಸಿರುತ್ತಾರೆ. ಅಂದು ಬರಬಹುದು, ಆದರೆ ಕ್ಯಾಮರಾ ಚೀಲದೊಳಗೇ ಇರಲಿ.

ಉಣಕಲ್ ದಂಡೆ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ. ಸುಣ್ಣದ ಗಾರೆಯ ಮಾತು ಅವಳಿಗೆ ಬಹಳ ಹಿಡಿಸಿತು, ತನ್ನ ಅಧ್ಯಾಪಕರೊಡನೆ ಮಾತಾಡುವುದಾಗಿ ಹೇಳಿದ್ದಾಳೆ. ಮೊದಲು ಶನಿವಾರ ಹೋಗಿ ಪರಿಚಯ ಮಾಡಿಕೊಂಡು ಬರುತ್ತೇವೆ. ಇನ್ನು ಮೂರು ಸಣ್ಣ ಪ್ರಶ್ನೆಗಳಿವೆ. ನಮ್ಮ ತಂದೆಗೆ ನೆಲದ ಮೇಲೆ ಕೂರಲಾಗುವುದಿಲ್ಲ, ಇದರಿಂದ ತೊಂದರೆಯಾಗುತ್ತದೆಯೆ? ಕಾಣಿಕೆ ಹಾಕಬೇಕೆ, ಹಾಕಿದರೆ ಎಷ್ಟು? ಹಾಗೆಯೇ ಹಳೆಯ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳನ್ನು ನೋಡಲು ಕೇಳಬಹುದೆ?

ಬೆಟಗೇರಿಯವ

ಸಪ್ತಾಪುರದವರು ಶನಿವಾರದ ಬಗ್ಗೆ ಹೇಳಿದ್ದರಲ್ಲಿ ನ್ಯಾಯವಿದೆ, ಆದರೆ ಆಮೇಲಿನ ಭಾನುವಾರವನ್ನು ಮಾತ್ರ ತಪ್ಪಿಸಬೇಡಿ ಎಂಬುದು ನನ್ನ ಕೋರಿಕೆ. ಹಳ್ಳಿಯ ಚರ್ಚುಗಳಲ್ಲಿ ಜಮಖಾನೆ ಹಾಸಿ ಕೂರುವುದು ರೂಢಿಯಾದರೂ ಹಿರಿಯರಿಗೆಂದು ಗೋಡೆಯ ಪಕ್ಕದಲ್ಲಿ ಬೆಂಚು ಅಥವಾ ಕುರ್ಚಿ ಇದ್ದೇ ಇರುತ್ತದೆ, ನಿಮ್ಮ ತಂದೆಯವರಿಗೆ ಯಾವ ಸಂಕೋಚವೂ ಬೇಡ. ಕಾಣಿಕೆಯ ಚೀಲ ಅಥವಾ ತಟ್ಟೆ ಮುಂದೆ ಬಂದಾಗ ಮನಸ್ಸಿಗೆ ಬಂದಷ್ಟು ಹಾಕಬಹುದು, ಹಾಕದೆ ಮುಂದಕ್ಕೆ ದಾಟಿಸಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ದುರಸ್ತಿಗೆಂದು ಪ್ರತ್ಯೇಕವಾಗಿ ಕೊಡುವ ಮನಸ್ಸಿದ್ದರೆ ಸಭೆಯ ಖಜಾಂಚಿಗೆ ಕೊಟ್ಟು ಪಾವತಿ ಪಡೆಯಿರಿ.

ದಾಖಲೆ ಪುಸ್ತಕಗಳ ವಿಷಯ ಬೇರೆ. ಅವುಗಳಲ್ಲಿ ಇಂದು ಬದುಕಿರುವ ಕುಟುಂಬಗಳ ಹಿರಿಯರ ಹೆಸರು, ಹಿಂದಿನ ಜಾತಿ, ತಂದೆ ತಾಯಿಯರ ವಿವರ ಇರುವುದುಂಟು, ಆ ಮನೆಯವರು ಅದನ್ನು ಹೊರಗಿನವರ ಮುಂದೆ ಬಿಚ್ಚಿಡಲು ಬಯಸದಿರಬಹುದು. ಕುತೂಹಲಕ್ಕೆಂದು ಕೇಳಬೇಡಿ. ಮಗಳು ಮುಂದೆ ಅಧ್ಯಯನವನ್ನೇ ಕೈಗೆತ್ತಿಕೊಂಡರೆ ಕಾಲೇಜಿನ ಪತ್ರದೊಂದಿಗೆ ಧಾರವಾಡದಲ್ಲಿರುವ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಉತ್ತರ ಕರ್ನಾಟಕ ಧರ್ಮಪ್ರಾಂತದ ಕಚೇರಿಗೆ ಬರೆದು ಅನುಮತಿ ಕೇಳುವುದು ಸರಿಯಾದ ದಾರಿ. ನಮ್ಮ ಬಾಸೆಲ್ ಸಭೆಗಳು ಈಗ ಆ ಧರ್ಮಪ್ರಾಂತದ ಅಡಿಯಲ್ಲಿವೆ. ಹಾವೇರಿ ಕಡೆಯ ಕಥೋಲಿಕ ಚರ್ಚುಗಳಿಗಾದರೆ ಮೊದಲು ಆಯಾ ಧರ್ಮಕೇಂದ್ರದ ಗುರುಗಳನ್ನು ಕಾಣಬೇಕು.

ಇನ್ನೊಂದು ಮಾತು. ಸುಗ್ಗಿ ಮುಗಿದ ಮೇಲೆ ನಮ್ಮ ಸಭೆಗಳಲ್ಲಿ ಬೆಳೆಯ ಹಬ್ಬ ನಡೆಯುತ್ತದೆ, ದಿನ ಊರಿಂದೂರಿಗೆ ಬೇರೆ. ಜೋಳದ ತೆನೆ, ಕಡಲೆ, ಹತ್ತಿ, ಮೆಣಸಿನಕಾಯಿ, ಕುಂಬಳಕಾಯಿ, ಮನೆಯ ಕೋಳಿ ಹೀಗೆ ಯಾರು ಏನು ಬೆಳೆದಿದ್ದಾರೋ ಸಾಕಿದ್ದಾರೋ ಅದನ್ನು ತಂದು ಪೀಠದ ಮುಂದೆ ಇಡುತ್ತಾರೆ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ಕೂಗುತ್ತಾರೆ. ಹರಾಜಿನಲ್ಲಿ ಊರಿನ ಎಲ್ಲ ಮತದವರೂ ನಿಂತಿರುತ್ತಾರೆ, ಒಂದು ಕುಂಬಳಕಾಯಿಗೆ ಪೇಟೆಯ ಬೆಲೆಯ ಹಲವು ಪಟ್ಟು ಕೂಗಿ ಕೊಂಡು ಅದನ್ನು ಮತ್ತೆ ಸಭೆಗೇ ಬಿಟ್ಟುಕೊಡುವವರೂ ಇರುತ್ತಾರೆ. ನಿಮ್ಮ ಕುಟುಂಬಕ್ಕೆ ಹೊರಗಿನವರೆಂಬ ಮುಜುಗರವಿಲ್ಲದೆ ಬಂದು ಇಡೀ ದಿನ ಇರಲು ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ. ಶನಿವಾರ ಹೋದಾಗ ಆ ಊರಿನ ಹಬ್ಬದ ದಿನವನ್ನು ಕೇಳಿ ಬರೆದುಕೊಳ್ಳಿ.